ಎರಡು ಬೆರಳು

ಭಾವನ ಬೂದು ಬಣ್ಣದ ಪ್ಯಾಂಟು ಕತ್ತರಿಸುವ ಮೇಜಿನ ಮೇಲೆ ಬೋರಲು ಮಲಗಿತ್ತು. ಊಟ ಮುಗಿಸಿ ಬಂದ ದರ್ಜಿ ಅದನ್ನು ನೋಡಿದ. ಅದೂ ತನ್ನನ್ನು ನೋಡುತ್ತಿದೆ ಅನ್ನಿಸಿ ಮೇಲೊಂದು ಲೈನಿಂಗ್ ಬಟ್ಟೆ ಹೊದಿಸಿದ. ಹೊದಿಸಿದ ಮೇಲೆ ಇನ್ನೂ ಕೆಟ್ಟದಾಗಿ ಕಾಣಿಸಿತು, ಯಾರೋ ಸತ್ತು ಮನೆಯವರ ದಾರಿ ಕಾಯುತ್ತಿರುವ ಹಾಗೆ. ಬಟ್ಟೆ ತೆಗೆದು ಮಡಿಸಿಟ್ಟ. ಸಂಜೆ ಭಾವ ಬರುತ್ತಾರೆ, ಪ್ಯಾಂಟು ತೆಗೆದುಕೊಂಡು ಹೋಗುತ್ತಾರೆ, ಅಷ್ಟೇ ತಾನೆ ಎಂದುಕೊಂಡ. ಅಷ್ಟೇ ಆಗಿದ್ದರೆ ಅವನು ಬೆಳಗಿನಿಂದ ಒಂದೇ ಅಂಗಿಗೆ ಎರಡು ಎಡಗೈ ಹೊಲಿದು ಬಿಚ್ಚುತ್ತ ಕೂರುತ್ತಿರಲಿಲ್ಲ.

ಪ್ಯಾಂಟಿನ ಹಿಂಭಾಗ, ಸೊಂಟದಿಂದ ಕೆಳಗಿಳಿಯುವ ನಡು ಹೊಲಿಗೆಯ ಒಳಗೆ, ಒಂದಷ್ಟು ಬಟ್ಟೆ ಮಡಚಿ ಬಿಟ್ಟಿರುತ್ತಾರೆ. ತೊಟ್ಟವನಿಗೆ ಅದು ಗೊತ್ತಿರುವುದಿಲ್ಲ. ಅವನು ಮುಂದೆ ದಪ್ಪಗಾದರೆ ಹೊಲಿಗೆ ಬಿಚ್ಚಿ ಅಷ್ಟು ಸಡಿಲ ಕೊಡಲಿಕ್ಕೆ ಅಂತ ದರ್ಜಿ ಬಚ್ಚಿಟ್ಟ ಬಟ್ಟೆ ಅದು. ಅದಕ್ಕೆ ಒಳಮಡಿಕೆ ಅನ್ನುತ್ತಿದ್ದ ಇವನ ಅಪ್ಪ. ಪ್ಯಾಂಟು ಬಿಗಿ ಮಾಡುವಾಗ ಒಳಮಡಿಕೆ ಹೆಚ್ಚುತ್ತದೆ, ಹೆಚ್ಚಿದ್ದನ್ನು ಕತ್ತರಿಸಬಾರದು. ಅಪ್ಪನ ಅಂಗಡಿಯಲ್ಲಿ ಇದ್ದದ್ದು ಅದೊಂದೇ ಕಾನೂನು. ಹುಡುಗನಾಗಿದ್ದಾಗ ಇವನು ಒಮ್ಮೆ ನೀಟಾಗಿ ಕಾಣಲಿ ಅಂತ ಕತ್ತರಿಸಿದ್ದಕ್ಕೆ ಅಪ್ಪ ಹೊಡೆಯಲಿಲ್ಲ, ಬೈಯಲಿಲ್ಲ. ಆ ಗಿರಾಕಿ ಮುಂದೆ ಹೇಗಿರ್ತಾನೆ ಅಂತ ಹೇಳೋಕೆ ನೀನ್ಯಾವ ಜ್ಯೋತಿಷಿ ಅಂತ ಕೇಳಿ, ವಾರವಿಡೀ ಇವನನ್ನು ಜ್ಯೋತಿಷಿಗಳೇ ಎಂದೇ ಕರೆದ. ಜ್ಯೋತಿಷಿಗಳೇ, ಗುಂಡಿ ಹಾಕಿ. ಜ್ಯೋತಿಷಿಗಳೇ, ನೀರು ತನ್ನಿ.

ನಿನ್ನೆ ಭಾವ ಬಂದು ಪ್ಯಾಂಟು ಮೇಜಿನ ಮೇಲೆ ಎಸೆದಿದ್ದರು. ಎಸೆಯುವುದಕ್ಕೆ ಮುಂಚೆ ಪರದೆಯ ಹಿಂದೆ ಅದನ್ನು ಹಾಕಿಕೊಂಡು ಬಂದು, ಸೊಂಟದ ಪಟ್ಟಿಯೊಳಗೆ ತಮ್ಮ ಮುಷ್ಟಿ ತೂರಿಸಿ, ಆ ಮುಷ್ಟಿಯನ್ನು ಗಿರಕಿ ಹೊಡೆಸಿ ತೋರಿಸಿದ್ದರು. "ನೋಡೋ ಪೀಪಾಯಿ, ಮತ್ತೆ ಸಡಿಲ. ಬಿಗಿ ಮಾಡು. ಈ ಸಲ ಒಳಗಿರೋದನ್ನೆಲ್ಲ ಕತ್ತರಿಸಿ ಬಿಸಾಕು. ಇನ್ನು ದಪ್ಪದ ಕಡೆ ತಿರುಗಿ ನೋಡೋ ಮಗ ಅಲ್ಲ ನಾನು."

ಪೀಪಾಯಿ ಅಂದರೆ ಇವನೇ. ಅಕ್ಕನ ಮದುವೆಯಾದ ವರ್ಷ ಭಾವ ಇಟ್ಟ ಹೆಸರು, ಆಗ ಭಾವನೂ ಸಣ್ಣ ಪೀಪಾಯಿಯೇ. ಇಬ್ಬರೂ ಒಂದು ಸೋಫಾದಲ್ಲಿ ಕೂತರೆ ಮಧ್ಯೆ ಕೂತ ಅಕ್ಕ ಪುಸ್ತಕದೊಳಗಿನ ಒಣ ಎಲೆಯ ಹಾಗೆ ಆಗುತ್ತಿದ್ದಳು. ಆ ಕಾಲದಲ್ಲಿ ಹೆಸರಿನಲ್ಲಿ ಒಂದು ಸ್ನೇಹವಿತ್ತು. ಭಾವ ಇಳಿಯತೊಡಗಿದ ಮೇಲೆ ಹೆಸರು ಇವನೊಬ್ಬನದೇ ಆಯಿತು.

ಇಳಿದದ್ದು ಹೀಗೆ. ಭಾವನದು ಇದೇ ಬೀದಿಯ ತುದಿಯಲ್ಲಿ ಕನ್ನಡಕದ ಅಂಗಡಿ. ಅಲ್ಲಿ ಗೋಡೆಗೆಲ್ಲ ಕನ್ನಡಿ. ದಿನವಿಡೀ ಹನ್ನೆರಡು ಕಡೆಯಿಂದ ತನ್ನ ಹೊಟ್ಟೆಯನ್ನೇ ನೋಡುತ್ತ ಕೂತ ಮನುಷ್ಯನಿಗೆ ಒಂದು ದಿನ ತಲೆ ಕೆಟ್ಟದ್ದರಲ್ಲಿ ಆಶ್ಚರ್ಯವಿಲ್ಲ. ಹಸಿರು ಬೂಟು ಕೊಂಡರು, ಪಾರ್ಕಿನಲ್ಲಿ ನಡೆದರು, ಟೀಗೆ ಸಕ್ಕರೆ ಹಾಕುವುದು ಬಿಟ್ಟರು. ಮೊದಲು ಇಳಿದದ್ದು ಸ್ವಲ್ಪ. ಅಷ್ಟಕ್ಕೇ ಬೀದಿಯೆಲ್ಲ ಹೊಗಳಿತು. ಆಮೇಲೆ ಇಳಿದದ್ದು ಹೆಚ್ಚು. ಬೀದಿ ಹೊಗಳುತ್ತಲೇ ಇತ್ತು. ಕಣ್ಣು ಪರೀಕ್ಷೆಗೆ ಬಂದವರಿಗೆ ಭಾವ ಅಕ್ಷರ ಓದಿಸುವ ಮೊದಲು ತಮ್ಮ ಹಳೆ ಫೋಟೋ ತೋರಿಸಿ ಇದು ಯಾರು ಹೇಳಿ ಅನ್ನುತ್ತಿದ್ದರು. ಗೊತ್ತಾಗಲಿಲ್ಲ ಅಂದವರಿಗೆ ಸಂತೋಷದಿಂದ ಒಂದು ಒರೆಸುವ ಬಟ್ಟೆ ಉಚಿತ. ಗೊತ್ತಾಯಿತು ಅಂದವರ ಕಣ್ಣಿನಲ್ಲಿ ಏನೋ ದೋಷವಿದೆ. ಇವನ ಹುಟ್ಟುಹಬ್ಬಕ್ಕೆ ಭಾವ ತೂಕದ ಯಂತ್ರ ಕೊಟ್ಟರು, ಬಣ್ಣದ ಕಾಗದ ಸುತ್ತಿ, ನಾಲ್ಕು ಜನರ ಎದುರಿಗೆ. ದರ್ಜಿ ನಕ್ಕು ತೆಗೆದುಕೊಂಡು ಬಂದು ಹೊಲಿಗೆ ಮಷೀನಿನ ಗಿಡ್ಡ ಕಾಲಿಗೆ ಆಸರೆಯಾಗಿ ಇಟ್ಟ. ಅಂದಿನಿಂದ ಅದು ಹಗಲೂ ರಾತ್ರಿ ಮಷೀನಿನ ಕಾಲುಭಾಗ ತೂಕವನ್ನು ಯಾರಿಗೂ ತೋರಿಸದೆ ತೋರಿಸುತ್ತಿದೆ.

ಅವನು ಪ್ಯಾಂಟನ್ನು ತಿರುವಿ ಹಾಕಿ ನಡು ಹೊಲಿಗೆ ನೋಡಿದ. ಹೊಲಿಗೆಗಳು ಒಂದರ ಪಕ್ಕ ಒಂದು, ನೀರಿಳಿದ ಕೆರೆಯ ದಂಡೆಯ ಗೆರೆಗಳ ಹಾಗೆ. ಕೊನೆಯ ಗೆರೆ ಅವನ ಕೈಯದೇ ಆದರೂ ಅವನು ಅದರ ಮೇಲೆ ಬೆರಳಿಡಲಿಲ್ಲ.

ಕಳೆದ ತಿಂಗಳು ಅಕ್ಕನ ಮನೆಯಲ್ಲಿ ಊಟ. ಭಾವ ಕೂತು ತಟ್ಟೆ ಖಾಲಿ ಮಾಡುತ್ತಿದ್ದರು, ಮತ್ತೆ ಹಾಕಿಸಿಕೊಳ್ಳುತ್ತಿದ್ದರು, ನೀರಿನ ಜಗ್ಗನ್ನು ಲೋಟಕ್ಕೆ ಬಗ್ಗಿಸದೆ ನೇರವಾಗಿ ಬಾಯಿಗೆ ಎತ್ತುತ್ತಿದ್ದರು. ಕುತ್ತಿಗೆಯ ಎರಡು ನರ ಕಾಲರಿನೊಳಗೆ ಹಗ್ಗದಂತೆ ನಿಂತಿದ್ದವು. ಆ ಕಾಲರ್ ಹೊಲಿದವನು ಇವನೇ. ಹೊಲಿದಾಗ ಅದರೊಳಗೆ ಒಂದು ಕುತ್ತಿಗೆ ಇತ್ತು. ಯಾಕೋ ತುಂಬ ಸೊರಗಿದ್ದೀರಿ ಭಾವ, ಒಮ್ಮೆ ಡಾಕ್ಟರಿಗೆ ತೋರಿಸಿ ಎಂದ. ಅಕ್ಕ ಸೌಟನ್ನು ಪಾತ್ರೆಗೆ ಇಟ್ಟಳು. "ಅಯ್ಯೋ ಪುಣ್ಯಾತ್ಮ, ನಿನ್ನ ಕಣ್ಣು ಬೀಳದೆ ಇರ್ಲಿ ಅವರ ಮೇಲೆ. ನೀನು ಮೊದಲು ಆ ಎರಡನೇ ಸಲ ಹಾಕಿಸ್ಕೊಂಡಿದ್ದನ್ನ ಬಿಡು." ಎಲ್ಲರೂ ನಕ್ಕರು. ಭಾವ ತಟ್ಟೆಯಿಂದ ತಲೆಯೆತ್ತದೆ, ಪೀಪಾಯಿಗೆ ಹೊಟ್ಟೆಯೂ ಉರಿಯುತ್ತೆ ಅಂದ್ರೆ ಬೆಂಕಿ ದೊಡ್ಡದೇ ಇರ್ಬೇಕು ಅಂದರು. ಇನ್ನಷ್ಟು ನಗು. ದರ್ಜಿಯೂ ನಕ್ಕ. ಬೇರೆಯವರು ನಗುವಾಗ ತಾನೂ ನಗದಿದ್ದರೆ ದಪ್ಪ ಮನುಷ್ಯ ಇನ್ನಷ್ಟು ದಪ್ಪ ಕಾಣುತ್ತಾನೆ ಎಂಬುದು ಅವನು ಶಾಲೆಯ ಬೆಂಚಿನಲ್ಲೇ ಕಲಿತ ಪಾಠ. ಆದರೆ ಎರಡನೇ ಸಲ ಹಾಕಿಸಿಕೊಂಡದ್ದು ಭಾವ. ಇವನ ತಟ್ಟೆಯಲ್ಲಿದ್ದದ್ದು ಮೊದಲ ಸಲದ್ದೇ, ಮಾತಾಡುತ್ತ ತಣ್ಣಗಾದದ್ದು. ಅದನ್ನು ಯಾರೂ ನೋಡಿರಲಿಲ್ಲ, ಅಕ್ಕ ಸಹ. ಬಡಿಸಿದವಳು ಅವಳೇ.

ಆ ನಗು ಅವನ ಜೊತೆ ಮನೆಗೆ ಬಂತು, ಮರುದಿನ ಅಂಗಡಿಗೂ ಬಂತು, ಮತ್ತು ಅದು ಇನ್ನೂ ಹೋಗದಿರುವಾಗಲೇ ಭಾವ ಇದೇ ಬೂದು ಪ್ಯಾಂಟು ತಂದು ಬಿಗಿ ಮಾಡು ಎಂದರು. ಟೇಪು ಹಿಡಿದ. ಟೇಪು ಒಂದು ಲೆಕ್ಕ ಹೇಳಿತು. ದರ್ಜಿ ಸೀಮೆಸುಣ್ಣದಿಂದ ಆ ಲೆಕ್ಕಕ್ಕಿಂತ ಎರಡು ಬೆರಳು ಒಳಗೆ ಗೆರೆ ಎಳೆದ. ಕೈ ತಪ್ಪಿ ಅಲ್ಲ. ಭಾವ ಬೆಳಿಗ್ಗೆ ಪ್ಯಾಂಟು ಏರಿಸಿ ಗುಂಡಿ ಹಾಕಲಿಕ್ಕೆ ಉಸಿರು ಹಿಡಿಯಬೇಕು, ಹನ್ನೆರಡು ಕನ್ನಡಿಯಲ್ಲಿ ಹನ್ನೆರಡು ಸಲ ತಿರುಗಿ ನೋಡಬೇಕು, ಅಯ್ಯೋ ಮತ್ತೆ ದಪ್ಪಗಾದೆನೇ ಎಂದು ಒಂದು ದಿನವಾದರೂ ಊಟ ಸೇರದೆ ಕೂರಬೇಕು. ಇಷ್ಟೇ ಅವನ ಆಸೆ. ಮನುಷ್ಯ ಜೀವನದಲ್ಲಿ ಮಾಡುವ ದ್ರೋಹಗಳ ಪೈಕಿ ಇದು ತೀರ ಸಣ್ಣದು, ಎರಡೇ ಬೆರಳಿನದು. ಆದರೆ ಅಪ್ಪ ಇದ್ದಿದ್ದರೆ ಇದಕ್ಕೆ ಏನು ಹೆಸರಿಡುತ್ತಿದ್ದನೋ ಎಂದು ಅವನು ಇಸ್ತ್ರಿ ಮಾಡುವಾಗ ಯೋಚಿಸಿದ್ದ.

ಭಾವ ಟ್ರಯಲ್ ನೋಡದೆ ಒಯ್ದರು. ನಿನ್ನ ಅಳತೆ ಯಾವತ್ತು ತಪ್ಪಿದೆ ಅಂದರು. ಆ ಮಾತಿಗೆ ಒಂದು ರಾತ್ರಿ ನಿದ್ದೆ ಬರಲಿಲ್ಲ. ಮರುದಿನದಿಂದ ಅವನು ದೂರಿಗಾಗಿ ಕಾದ. ಬಿಗಿಯಾಯ್ತು ಕಣೋ ಅಂತ ಭಾವ ಬರುತ್ತಾರೆ, ಹೌದಾ, ಅಳತೆ ಸರಿಯಾಗೇ ಇತ್ತಲ್ಲ ಭಾವ ಅಂತ ಮುಗ್ಧನಾಗಿ ಹೇಳುವ ಧಾಟಿಯನ್ನು ಹೊಲಿಗೆ ಮಷೀನಿನ ಎದುರು ಅಭ್ಯಾಸ ಮಾಡಿದ. ಭಾವ ಬರಲಿಲ್ಲ. ಕಾದದ್ದು ಮರೆತೂ ಹೋಯಿತು. ನಿನ್ನೆ ಬಂದವರು ಮುಷ್ಟಿ ಗಿರಕಿ ಹೊಡೆಸಿದರು.

ಆ ಮುಷ್ಟಿ ತಿರುಗಿದ ಹೊತ್ತಿನಲ್ಲಿ ದರ್ಜಿ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಬಟ್ಟೆ ಹಿಗ್ಗುವ ಜಾತಿಯದಲ್ಲ. ಹೊಲಿಗೆ ಬಿಟ್ಟಿಲ್ಲ. ಎರಡು ಬೆರಳು ಬಿಗಿ ಮಾಡಿದ್ದರ ಮೇಲೆ ಒಂದು ಮುಷ್ಟಿ ಸಡಿಲ. ಅಂದರೆ ಭಾವ ಎಷ್ಟು ಇಳಿದಿದ್ದಾರೆ ಎಂಬುದು ಭಾವನಿಗೂ ಪೂರ್ತಿ ಗೊತ್ತಿಲ್ಲ, ಅಕ್ಕನಿಗೂ ಗೊತ್ತಿಲ್ಲ. ಇಡೀ ಲೋಕದಲ್ಲಿ ಇವನೊಬ್ಬನಿಗೇ ಗೊತ್ತು. ಅದು ಗೊತ್ತಾದದ್ದು ಪ್ರೀತಿಯಿಂದಲ್ಲ.

ಇನ್ನೂ ಒಂದು ಗೊತ್ತಿತ್ತು. ದರ್ಜಿ ಮನೆಯಿಂದ ಅಂಗಡಿಗೆ ನಡೆದೇ ಬರುವವನು, ನಡೆದೇ ಹೋಗುವವನು. ಆರೋಗ್ಯಕ್ಕಲ್ಲ. ಬಸ್ಸಿನಲ್ಲಿ ಇಬ್ಬರ ಸೀಟಿನಲ್ಲಿ ಕೂತರೆ ಪಕ್ಕದವರು ಬಿಡುವ ಆ ನಿಟ್ಟುಸಿರು ಅವನಿಗೆ ಆಗದು. ಒಮ್ಮೆ ಕಂಡಕ್ಟರು ತಿರುವು ಬರುತ್ತಿದೆ, ಅಣ್ಣ ಸ್ವಲ್ಪ ಈ ಕಡೆ ವಾಲಿ ಅಂದಿದ್ದ. ಅವತ್ತು ಇಳಿದವನು ಮತ್ತೆ ಹತ್ತಿಲ್ಲ. ಹಾಗೆ ನೋಡಿದರೆ ಆ ಕಂಡಕ್ಟರು ಇವನ ಕಾಲುಗಳಿಗೆ ಮಾಡಿದ ಉಪಕಾರವನ್ನು ಯಾವ ವೈದ್ಯನೂ ಮಾಡಿಲ್ಲ. ವೈದ್ಯರು ಮಾಡಿದ್ದು ಬೇರೆ. ಹೆಬ್ಬೆರಳಿಗೆ ಸೂಜಿ ಹೊಕ್ಕು ಮುರಿದಾಗ ಎದುರಿನ ಕ್ಲಿನಿಕ್ಕಿನ ಹಳೆಯ ಡಾಕ್ಟರು ಅವನ ಹೆಬ್ಬೆರಳು ಬಿಟ್ಟು ಉಳಿದದ್ದನ್ನೆಲ್ಲ ನೋಡಿ, ತೂಕ ಇಳಿಸಿ, ಸರಿಹೋಗುತ್ತೆ ಅಂದಿದ್ದರು. ಸೂಜಿಯ ತುಂಡು ಇನ್ನೂ ಒಳಗೇ ಇದೆಯೋ ಏನೋ. ಹೀಗೆ ದಿನಾ ನಡೆದು ಬರುವ ದಾರಿಯಲ್ಲಿ ಪಾರ್ಕು. ಪಾರ್ಕಿನ ಗೇಟಿನ ಹತ್ತಿರದ ಬೆಂಚು. ಬೆಂಚಿನ ಮೇಲೆ, ಹಸಿರು ಬೂಟು ಹಾಕಿ, ಬಾಯಿ ತೆರೆದು ನಿದ್ದೆ ಹೋಗಿರುವ ಭಾವ. ಬಹಳ ದಿನಗಳಿಂದ ಇದೇ. ನಡೆಯುತ್ತೇನೆಂದು ಮನೆಯಿಂದ ಹೊರಟು, ಗೇಟಿನವರೆಗೆ ಬಂದು, ಬೆಂಚಿಗೆ ಬಿದ್ದು, ಹೊತ್ತು ನೋಡಿ ಎದ್ದು ಹೋಗುವುದು. ಮೊದಲ ಸಲ ಕಂಡಾಗ ದರ್ಜಿಗೆ ಬಾಯಲ್ಲಿ ಮಿಠಾಯಿ ಇಟ್ಟ ಹಾಗಾಗಿತ್ತು. ಯಾರಿಗೂ ಹೇಳಲಿಲ್ಲ, ಬೇಕಾದಾಗ ತೆಗೆಯೋಣ ಅಂತ ಕೆನ್ನೆಯಲ್ಲೇ ಇಟ್ಟುಕೊಂಡ. ನಡೆಯದವನು ಯಾಕೆ ಇಳಿಯುತ್ತಿದ್ದಾನೆ ಎಂದು ಕೇಳಿಕೊಳ್ಳಬೇಕಿತ್ತು. ಮಿಠಾಯಿ ಚೀಪುವವನು ಪ್ರಶ್ನೆ ಕೇಳುವುದಿಲ್ಲ.

ಕತ್ತರಿ ತೆಗೆದುಕೊಂಡ. ಹೇಳಿದ್ದು ಮಾಡಿ ಮುಗಿಸಿದರೆ ಆಯಿತು. ಮತ್ತೆ ಬಿಗಿ ಮಾಡುವುದು, ಒಳಮಡಿಕೆ ಕತ್ತರಿಸುವುದು, ಬಾಯಿ ಮುಚ್ಚುವುದು. ಹೇಳಿದರೆ ಹೊಟ್ಟೆಕಿಚ್ಚು. ಅವನ ಬಾಯಿಂದ ಬಂದದ್ದೆಲ್ಲ ಅವನ ಹೊಟ್ಟೆಯಿಂದಲೇ ಬಂದದ್ದೆಂದು ಲೋಕ ಯಾವತ್ತೋ ತೀರ್ಮಾನಿಸಿಬಿಟ್ಟಿದೆ. ಇದೇ ಮಾತನ್ನು ಬಡಕಲು ಮನುಷ್ಯ ಹೇಳಿದ್ದರೆ ಕಾಳಜಿ. ಸಾಕ್ಷಿ ಕೊಟ್ಟು ಹೇಳೋಣವೆಂದರೆ ಇರುವ ಒಂದೇ ಸಾಕ್ಷಿ ಆ ಎರಡು ಬೆರಳು. ಕತ್ತರಿಯ ಬಾಯಿಗೆ ಬಟ್ಟೆ ಕೊಟ್ಟ. ಕತ್ತರಿಯ ತಣ್ಣನೆ ಕಬ್ಬಿಣ ಕೈಗೆ ತಾಕಿತು. ಜ್ಯೋತಿಷಿಗಳೇ ಎಂದು ಯಾರೋ ಕರೆದ ಹಾಗಾಗಿ ತಲೆಯೆತ್ತಿದರೆ ಬಾಗಿಲಲ್ಲಿ ಪಕ್ಕದ ಹೂಗಿಡದ ಅಂಗಡಿಯವಳು ನಿಂತು, ಅಂಗಿ ಆಯ್ತಾ ಎಂದು ಕೇಳುತ್ತಿದ್ದಳು. ಕೈ ಎರಡೂ ಎಡಗೈ ಆಗಿದೆ, ನಾಳೆ ಬನ್ನಿ ಅಂದ. ಅವಳು ಹೋದ ಮೇಲೆ ಪ್ಯಾಂಟಿಗೆ ಒಂದು ಹೊಲಿಗೆಯನ್ನೂ ಹಾಕದೆ, ಕತ್ತರಿಯನ್ನು ಖಾನೆಯಲ್ಲಿಟ್ಟು ಬೀಗ ಹಾಕಿದ. ಕತ್ತರಿಯ ಖಾನೆಗೆ ಅವನು ಬೀಗ ಹಾಕಿದ್ದು ಅದೇ ಮೊದಲು.

ಸಂಜೆ ಭಾವ ಬಂದರು. ಬಂದವರೇ ಮೂಲೆಯ ನೀರಿನ ಜಗ್ಗನ್ನು ಎತ್ತಿ ಗಟಗಟ ಕುಡಿದು, ಹಿಂದಿನ ಬಚ್ಚಲಿಗೆ ಹೋಗಿ ಬಂದು, ಉಳಿದದ್ದನ್ನೂ ಕುಡಿದರು. ಕನ್ನಡಕ ಹೊಸದು. ಮೂರು ತಿಂಗಳ ಹಿಂದೆ ಅವರು ಕನ್ನಡಕವೇ ಬೇಡ, ತೂಕ ಇಳಿದ ಮೇಲೆ ಕಣ್ಣೂ ಚುರುಕಾಗಿದೆ, ಪೇಪರು ಬರಿಗಣ್ಣಿನಲ್ಲಿ ಓದುತ್ತೇನೆ ಎಂದು ಬೀದಿಗೆಲ್ಲ ಓದಿ ತೋರಿಸಿದ್ದರು. ಆಮೇಲೆ ಎದುರಿಗೆ ಬರುವ ಬಸ್ಸಿನ ಬೋರ್ಡು ಮಸುಕಾಯಿತು, ಒಂದು ಕನ್ನಡಕ ಬಂತು. ಅದು ಸರಿಹೋಗದೆ ಇನ್ನೊಂದು. ಈಗ ಇದು. ಗಾಜಿನ ಕಂಪನಿಯವರು ಕಳ್ಳರಾಗಿದ್ದಾರೆ ಎಂದು ಭಾವನ ವಾದ.

"ಆಯ್ತಾ?"

"ಆಯ್ತು."

"ಒಳಗಿಂದು ಕತ್ತರಿಸಿದ್ಯಾ?"

"ಕತ್ತರಿಸಿದೆ," ಎಂದ ದರ್ಜಿ.

ಭಾವ ಪರದೆಯ ಹಿಂದೆ ಹೋದರು. ಪರದೆ ನೆಲಕ್ಕೆ ಮುಟ್ಟದ ಕಡೆ ಅವರ ಕಾಲಿನ ಹರಡು ಕಾಣಿಸುತ್ತಿತ್ತು. ಪ್ಯಾಂಟು ಬದಲಿಸಲಿಕ್ಕೆ ಒಂದು ಕಾಲಿನ ಮೇಲೆ ನಿಲ್ಲಬೇಕಲ್ಲ, ಆ ಕಾಲು ನಡುಗುತ್ತಿತ್ತು. ಇನ್ನೊಂದು ಕಾಲು ಬಂದು ಅದಕ್ಕೆ ಜೊತೆಯಾಯಿತು. ಸ್ವಲ್ಪ ಹೊತ್ತು ಏನೂ ಅಲ್ಲಾಡಲಿಲ್ಲ. ಭಾವ ಗೋಡೆಗೆ ಒರಗಿ ದಮ್ಮು ತೆಗೆದುಕೊಳ್ಳುತ್ತಿದ್ದಾರೆ ಎಂಬುದು ಕೇಳಿಸಿತು. ಒಂದು ಪ್ಯಾಂಟು ಹಾಕಿಕೊಳ್ಳುವಷ್ಟರಲ್ಲಿ. ದರ್ಜಿ ಆ ಹರಡುಗಳನ್ನು ನೋಡುತ್ತ ನಿಂತ. ಪರದೆ ಮಧ್ಯೆ ಇರುವುದೇ ಒಳ್ಳೆಯದಾಯಿತು ಎಂದುಕೊಂಡು, ಪರದೆಗೇ ಹೇಳಿದ.

"ಭಾವ, ಹೋದ ತಿಂಗಳು ಈ ಪ್ಯಾಂಟನ್ನ ನಾನು ಅಳತೆಗಿಂತ ಬಿಗಿ ಹೊಲಿದಿದ್ದೆ."

ಪರದೆಯ ಕೆಳಗಿನ ಹರಡುಗಳು ಅವನ ಕಡೆ ತಿರುಗಿದವು.

"ಬೇಕಂತಲೇ. ನಿಮಗೆ ಗುಂಡಿ ಹಾಕೋಕಾಗ್ದೆ ಒದ್ದಾಡ್ಲಿ ಅಂತ. ಎರಡು ಬೆರಳು."

ಪರದೆಯ ಹಿಂದಿನಿಂದ ಭಾವನ ದನಿ ಬಂತು. "ಎರಡು ಬೆರಳು ಅಂದ್ರೆ ಯಾರ ಬೆರಳು? ನಿಂದಾ ನಂದಾ?"

ದರ್ಜಿ ತನ್ನ ಕೈ ನೋಡಿಕೊಂಡ. "ನಂದು."

"ಹಾಗಾದ್ರೆ ನಂದ್ರಲ್ಲಿ ಮೂರಾಯ್ತು," ಎಂದರು ಭಾವ. ಪರದೆ ಸರಿಸಿ ಹೊರಗೆ ಬಂದರು. ಪ್ಯಾಂಟಿನ ಗುಂಡಿ ಹಾಕಿರಲಿಲ್ಲ, ಒಂದು ಕೈಯಲ್ಲಿ ಹಿಡಿದುಕೊಂಡಿದ್ದರು. ಮುಖದಲ್ಲಿ ಸಿಟ್ಟು ಬರಬೇಕಾದ ಜಾಗ ಸಿದ್ಧವಾಗಿತ್ತು, ಸಿಟ್ಟು ಮಾತ್ರ ಬಂದಿರಲಿಲ್ಲ. ಅದರ ಮೇಲೂ ಸಡಿಲ ಆಗಿದೆಯಾ ಎಂದು ಕೇಳಿದರು. ಆಗಿದೆ ಎಂದ ದರ್ಜಿ. ಭಾವ ಕುರ್ಚಿಯಲ್ಲಿ ಕೂತು, ಖಾಲಿ ಜಗ್ಗಿನೊಳಗೆ ಇಣುಕಿ, ಅದನ್ನು ಮತ್ತೆ ಇಟ್ಟರು. ನೀನೊಬ್ಬ ಹೊಟ್ಟೆಕಿಚ್ಚಿನವನು ಅಂದರು, ಆದರೆ ಗಿರಾಕಿಗೆ ಫ್ರೇಮಿನ ಬಣ್ಣ ಹೇಳುವ ಹಾಗೆ ಹೇಳಿದರು. ಹೌದು ಎಂದ ದರ್ಜಿ. ಪಾರ್ಕಿನ ಬೆಂಚಿನ ಮಿಠಾಯಿಯನ್ನೂ ಈಗ ತೆಗೆಯಬಹುದಿತ್ತು. ತೆಗೆಯಲಿಲ್ಲ, ನುಂಗಿದ. ಬದಲಿಗೆ ಬೇರೆ ಕೇಳಿದ.

"ಒಬ್ಬ ಗಿರಾಕಿ ಬರ್ತಾನೆ ಅನ್ನಿ. ಮೂರು ತಿಂಗಳಲ್ಲಿ ಮೂರು ಸಲ ಕನ್ನಡಕದ ನಂಬರು ಬದಲಾಗಿದೆ. ಅವನಿಗೆ ಏನು ಹೇಳ್ತೀರಿ ನೀವು?"

ಭಾವ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು. ಒರೆಸುತ್ತಲೇ ಇದ್ದರು. ನಂಬರು ಹೀಗೇ ಬದಲಾದಾಗ ಹೂಗಿಡದ ಅಂಗಡಿಯವಳ ಗಂಡನಿಗೆ ಭಾವ ಏನು ಹೇಳಿದ್ದರೆಂದು ಇಬ್ಬರಿಗೂ ಗೊತ್ತಿತ್ತು: ಕನ್ನಡಕ ಆಮೇಲೆ ಮಾಡೋಣ, ಮೊದಲು ರಕ್ತದಲ್ಲಿ ಸಕ್ಕರೆ ನೋಡಿಸಿಕೊಂಡು ಬಾ. ಒಬ್ಬ ತನ್ನ ಗಾಜು ಬದಲಾಯಿಸುತ್ತ ಹೋಗಿದ್ದ, ಇನ್ನೊಬ್ಬ ಹೊಲಿಗೆ ಬದಲಾಯಿಸುತ್ತ ಹೋಗಿದ್ದ. ಇಬ್ಬರೂ ಕಸುಬು ಬಲ್ಲವರೇ.

"ಎದುರುಗಡೆ ಕ್ಲಿನಿಕ್ ತೆಗೆದಿದೆ," ಎಂದ ದರ್ಜಿ.

"ಮಹಡಿ," ಎಂದರು ಭಾವ. ಅಷ್ಟೇ ಅಂದರು, ಆ ಒಂದು ಶಬ್ದದಲ್ಲಿ ಬೆಂಚು, ಬೂಟು, ಬಾಯಿ ತೆರೆದ ನಿದ್ದೆ ಎಲ್ಲ ಇತ್ತು.

ಕ್ಲಿನಿಕ್ಕು ಎರಡನೇ ಮಹಡಿಯಲ್ಲಿ, ಕೆಳಗೆ ಔಷಧಿ ಅಂಗಡಿ. ಮೆಟ್ಟಿಲು ಕಿರಿದು, ದರ್ಜಿ ಹತ್ತಿದರೆ ಇಳಿಯುವವರು ಕಾಯಬೇಕು. ಮೊದಲ ತಿರುವಿನಲ್ಲಿ ಭಾವ ಕಂಬಿ ಹಿಡಿದು ನಿಂತರು. ಗೋಡೆಯ ಮೇಲಿದ್ದ ಹಲ್ಲಿನ ಜಾಹೀರಾತನ್ನು ಬಹಳ ಆಸಕ್ತಿಯಿಂದ ಓದತೊಡಗಿದರು. ದರ್ಜಿಗೆ ಉಸಿರು ಎಂದಿನಂತೇ ಇತ್ತು. ಅದು ಅವನಿಗೆ ಆ ಹೊತ್ತಿನಲ್ಲಿ ನಾಚಿಕೆಯ ವಿಷಯವಾಗಿ ಕಂಡಿತು, ಹಸಿದವನ ಎದುರು ತೇಗಿದ ಹಾಗೆ. ಬಗ್ಗಿ ತನ್ನ ಚಪ್ಪಲಿಯ ಪಟ್ಟಿ ಬಿಚ್ಚಿದ, ಕಟ್ಟಿದ, ಮತ್ತೆ ಬಿಚ್ಚಿದ. ನಿನಗೆ ಬಗ್ಗೋಕೆ ಬರುತ್ತಾ ಎಂದು ಭಾವ ಆಶ್ಚರ್ಯದಿಂದ ಕೇಳಿದರು. ಕಾಲಿಗೆ ಟೇಪು ಹಿಡಿಯೋನಿಗೆ ಬಗ್ಗದೆ ಆಗುತ್ತಾ ಎಂದ. ಎರಡನೇ ತಿರುವಿನಲ್ಲಿ ಇನ್ನೊಂದು ಚಪ್ಪಲಿ.

ಮೇಲೆ ಹಳೆಯ ಕಾಂಪೌಂಡರನೇ ಇದ್ದ. ಒಳಗೆ ಬಂದ ಇಬ್ಬರನ್ನೂ ನೋಡಿದ. ಕೇಳಲಿಲ್ಲ, ಯೋಚಿಸಲಿಲ್ಲ. ದರ್ಜಿಗೆ ಬನ್ನಿ ಕೂತ್ಕೊಳ್ಳಿ ಅಂದ, ಭಾವನಿಗೆ ನೀವು ಅಲ್ಲಿ ಬೆಂಚಿನಲ್ಲಿರಿ ಅಂದ. ದರ್ಜಿ ಬಾಯಿ ತೆರೆದ. ಅಷ್ಟರಲ್ಲಿ ತೋಳಿಗೆ ಬಿಪಿ ನೋಡುವ ಪಟ್ಟಿ ಬಂದಿತ್ತು. ಪಟ್ಟಿ ಸಾಲಲಿಲ್ಲ. ದೊಡ್ಡ ಪಟ್ಟಿ ಬಂತು. ಕಾಂಪೌಂಡರು ಗಾಳಿ ತುಂಬಿ, ಬಿಟ್ಟು, ಮೀಟರನ್ನು ಬೆರಳಿನಿಂದ ತಟ್ಟಿ, ಮತ್ತೆ ತುಂಬಿದ. ಆಮೇಲೆ ಇನ್ನೊಂದು ತೋಳಿಗೆ ಕಟ್ಟಿದ. ಸರಿಯಾಗಿದೆಯಲ್ಲ ಎಂದು ಯಾರೋ ತನಗೆ ಮೋಸ ಮಾಡಿದಂಥ ದನಿಯಲ್ಲಿ ಹೇಳಿದ. ಬೆಂಚಿನ ಮೇಲೆ ಭಾವ ಎರಡು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಇದನ್ನೆಲ್ಲ ನೋಡುತ್ತಿದ್ದರು. ಅವರ ಮುಖದಲ್ಲಿ ನಗು ಬಂದು, ಅರ್ಧದಲ್ಲಿ ನಿಂತಿತು.

"ಅವನಲ್ಲ ಸ್ವಾಮಿ," ಎಂದರು. "ನಾನು."

ಒಳಗಿದ್ದ ಡಾಕ್ಟರಮ್ಮ ಹೊಸಬರು, ಮಾತು ಕಡಿಮೆ. ಬೆರಳಿಗೆ ಚುಚ್ಚಿ, ಒಂದು ಹನಿ ರಕ್ತವನ್ನು ಪುಟ್ಟ ಯಂತ್ರಕ್ಕೆ ಕೊಟ್ಟು, ಯಂತ್ರ ಹೇಳಿದ್ದನ್ನು ನಂಬದೆ ಇನ್ನೊಂದು ಬೆರಳಿಗೂ ಚುಚ್ಚಿದರು. ಬಾಯಾರಿಕೆ ಎಷ್ಟು ದಿನದಿಂದ, ಎಷ್ಟು ಇಳಿದಿದ್ದೀರಿ, ಇಳಿದಾಗ ಯಾರಿಗೂ ಅನುಮಾನ ಬರಲಿಲ್ಲವೇ ಎಂದು ಕೇಳಿದರು. ಎಲ್ಲರೂ ಹೊಗಳಿದರು ಎಂದರು ಭಾವ. ಡಾಕ್ಟರಮ್ಮ ಅದನ್ನು ಬರೆದುಕೊಳ್ಳಲಿಲ್ಲ. ಸಕ್ಕರೆ ತುಂಬ ಮೇಲಿದೆ, ತಿಂದದ್ದು ಮೈಗೆ ಹತ್ತದೆ ಮೈಯನ್ನೇ ತಿನ್ನುತ್ತಿದೆ, ಇವತ್ತೇ ದೊಡ್ಡ ಆಸ್ಪತ್ರೆಗೆ ಹೋಗಬೇಕು, ಇನ್ನೂ ಹದಿನೈದು ದಿನ ಹೀಗೇ ಓಡಾಡಿದ್ದರೆ ಬೀದಿಯಲ್ಲೇ ಬೀಳುತ್ತಿದ್ದಿರಿ, ಈಗ ಬಂದದ್ದು ಒಳ್ಳೆಯದಾಯಿತು, ಹಿಡಿತಕ್ಕೆ ತರಬಹುದು ಎಂದರು. ಕಾಗದ ಬರೆಯುತ್ತ, ದರ್ಜಿಯ ಕಡೆ ತಲೆಯೆತ್ತಿ, ನೀವೂ ಒಂದು ದಿನ ರಕ್ತ ಕೊಟ್ಟು ನೋಡಿಸಿಕೊಳ್ಳಿ ಎಂದರು. ತೂಕದ ಮಾತು ಬರುತ್ತದೆಂದು ಅವನು ಅಭ್ಯಾಸದಿಂದ ತಲೆ ತಗ್ಗಿಸಿದ. ಬರಲಿಲ್ಲ. ಹೊರಗಿನಿಂದ ನೋಡಿದರೆ ಯಾರದೂ ಗೊತ್ತಾಗುವುದಿಲ್ಲ ಎಂದಷ್ಟೇ ಹೇಳಿ ಅವರು ಸಹಿ ಹಾಕಿದರು. ತಗ್ಗಿಸಿದ ತಲೆಯನ್ನು ಏನು ಮಾಡಬೇಕೆಂದು ತಿಳಿಯದೆ ಅವನು ತನ್ನ ಹೆಬ್ಬೆರಳನ್ನು ನೋಡಿಕೊಂಡ.

ಭಾವ ಒಂದೇ ಪ್ರಶ್ನೆ ಕೇಳಿದರು. ಬದುಕುತ್ತೇನೆಯೇ ಎಂದಲ್ಲ, ಖರ್ಚೆಷ್ಟು ಎಂದಲ್ಲ. ಚಿಕ್ಕ ಹುಡುಗನ ಹಾಗೆ, ಮೇಜಿನ ಅಂಚು ಹಿಡಿದು.

"ಮತ್ತೆ ದಪ್ಪ ಆಗ್ತೀನಾ?"

"ಆಗ್ಬೇಕು," ಎಂದರು ಡಾಕ್ಟರಮ್ಮ.

ಹೊರಗೆ ಆಟೋ ಬರುವವರೆಗೆ ಇಬ್ಬರೂ ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಕೂತರು. ಎದುರಿಗೆ ದರ್ಜಿಯ ಅಂಗಡಿ. ದೀಪ ಹಾಕದೆ ಬಂದಿದ್ದರಿಂದ ಮಷೀನು ಮಾತ್ರ ಮಸುಕಾಗಿ ಕಾಣುತ್ತಿತ್ತು. ನಿಮ್ಮಕ್ಕನಿಗೆ ನೀನೇ ಫೋನ್ ಮಾಡು ಎಂದರು ಭಾವ. ಬೆರಳಿನ ವಿಷಯ ಹೇಳಬೇಡ, ನಿನ್ನನ್ನ ಜೀವಂತ ಬಿಡಲ್ಲ ಅವಳು. ದರ್ಜಿ ತಲೆಯಾಡಿಸಿದ. ಭಾವ ತಮ್ಮ ತೊಡೆಯ ಮೇಲಿನ ಬೂದು ಬಟ್ಟೆಯನ್ನು ಸವರಿದರು.

"ಒಳ್ಳೆ ಪ್ಯಾಂಟು. ಹಾಳಾಯ್ತು. ಕತ್ತರಿಸಿಬಿಟ್ಟೆ ನೀನು."

"ಇಲ್ಲ."

"ಕತ್ತರಿಸಿದೆ ಅಂದ್ಯಲ್ಲ."

"ಸುಳ್ಳು ಹೇಳ್ದೆ."

ಭಾವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಇಷ್ಟು ಹತ್ತಿರದಿಂದ ಆ ಹೊಸ ಕನ್ನಡಕದಲ್ಲಿ ಅವನು ಸರಿಯಾಗಿ ಕಾಣುತ್ತಿದ್ದನೋ ಇಲ್ಲವೋ. "ಬಿಗಿ ಮಾಡಿ ಸುಮ್ನಿದ್ದೆ, ಕತ್ತರಿಸ್ದೇ ಕತ್ತರಿಸ್ದೆ ಅಂದೆ. ಒಂದೇ ಪ್ಯಾಂಟಲ್ಲಿ ಎಷ್ಟು ಮೋಸ ಮಾಡಿದ್ದೀಯೋ ಪೀಪಾಯಿ ನನಗೆ."

ಆಟೋ ಬಂದು ನಿಂತಿತು. ಭಾವ ಏಳಲಿಕ್ಕೆ ಕೈ ಚಾಚಿದರು, ದರ್ಜಿ ಹಿಡಿದ. ಎತ್ತುವುದಕ್ಕೆ ಏನೂ ಇರಲಿಲ್ಲ. ಅವನೇ ಮೊದಲು ಹತ್ತಿ ಕೂತ. ಆಟೋ ಅವನ ಕಡೆ ವಾಲಿತು, ವಾಲಿದ ಕಡೆಗೆ ಭಾವ ತಾನಾಗಿ ಜಾರಿ ಬಂದು ಒರಗಿದರು, ನಿಟ್ಟುಸಿರು ಬಿಡಲಿಲ್ಲ. ದಾರಿಯುದ್ದಕ್ಕೂ ಅವರ ಒಂದು ಕೈ ಬೆನ್ನ ಹಿಂದೆ, ಸೊಂಟದ ಪಟ್ಟಿಯ ಒಳಗಿತ್ತು. ಜನಸಂದಣಿಯಲ್ಲಿ ಪರ್ಸು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳುವವರ ಹಾಗೆ, ಅವರು ಒಳಮಡಿಕೆಯನ್ನು ಹಿಡಿದುಕೊಂಡಿದ್ದರು.